ಮುಳ್ಳು

ಬ್ಯಾಟರಿ ಒಳಗೆ ತಾ ಅಂದೆ ಚೋಯ್ಜಿಲನಿಗೆ.
ಸೊನ್ನೆಗಿಂತ ಮೂವತ್ತೆಂಟು ಕೆಳಗಿನ ಚಳಿಯಲ್ಲಿ ಅದನ್ನೇನು ಕೇಳುತ್ತೀ,
ನಿನ್ನನ್ನು ಕೇಳಿದರೂ ಅರ್ಧ ಉತ್ತರವೇ ಬರುತ್ತದೆ.
ತಂದ.
ಆಗಷ್ಟೇ ಹುಟ್ಟಿದ ಮರಿಯನ್ನು ತರುವ ಹಾಗೆ ಕಂಬಳಿಯಲ್ಲಿ ಸುತ್ತಿ,
ಒಲೆಯಿಂದ ಒಂದು ಮಾರು ದೂರಕ್ಕೆ ಇಳಿಸಿದ.

ಚಹಾ ಕುಡಿದೆವು. ಉಪ್ಪು ಹೆಚ್ಚಾಯಿತು ಅಂದ.
ಎರಡು ಕುರಿ ಕೊಡು, ಬ್ಯಾಟರಿ ನಿನ್ನದು,
ಉಲಿಯಾಸ್ತೈಗೆ ಹೋಗಿ ಕೇಳು, ಮೂರು ಅನ್ನುತ್ತಾರೆ ಅಂದ.
ಉಲಿಯಾಸ್ತೈಗೆ ಹೋಗಲು ಗಾಡಿ ಏಳುತ್ತಿಲ್ಲ,
ಅದಕ್ಕೇ ಅಲ್ಲವೇ ಮಾರಾಯ, ಬ್ಯಾಟರಿ.

ನಿಲುವಂಗಿಯ ಎದೆಯೊಳಗಿಂದ ಹಳದಿ ಮೀಟರು ತೆಗೆದ.
ಗುಂಡಿ ತಿರುಗಿಸಿ ಇಪ್ಪತ್ತರ ಮನೆಯಲ್ಲಿ ನಿಲ್ಲಿಸಿದ.
ಕೆಂಪು ಕಡ್ಡಿ ಧನಕ್ಕೆ, ಕಪ್ಪು ಕಡ್ಡಿ ಋಣಕ್ಕೆ
(ಯಾರ ಧನ, ಯಾರ ಋಣ, ಅದು ಆಮೇಲೆ)
ಹದಿಮೂರು ಪಾಯಿಂಟ್ ನಾಲ್ಕು.
ನೋಡು ಸೆಂದ್ಮಾ, ತುಂಬಿ ತುಳುಕುತ್ತಿದೆ!

ತುಂಬಿದ್ದು ತುಳುಕುವುದಿಲ್ಲ, ಚೋಯ್ಜಿಲ್.
ಸುಮ್ಮನೆ ಮಲಗಿದ ಬ್ಯಾಟರಿ
ಹನ್ನೆರಡೂ ಮುಕ್ಕಾಲು ದಾಟಿ ಏಳುವುದನ್ನು ನಾನು ಕಂಡಿಲ್ಲ.
ಹದಿನಾಲ್ಕು ವರ್ಷ ಸಹಕಾರಿ ಟ್ರ್ಯಾಕ್ಟರ್ ಶೆಡ್ಡಿನಲ್ಲಿ
ಆಮ್ಲ ಸುರಿದವಳು ನಾನು,
ನನ್ನ ಎಷ್ಟು ಅಂಗಿಗಳ ತೋಳು ಜರಡಿಯಾದವೋ.

ಪೆಟ್ಟಿಗೆಯ ತಳದಿಂದ ರಷ್ಯಾದ ಮೀಟರು ಎತ್ತಿದೆ.
ಇಟ್ಟಿಗೆಯಷ್ಟು ಭಾರ, ಕಪ್ಪು ಮೈ, ಗಾಜಿನ ಮೂಲೆ ಸೀಳು.
ವೋಲ್ಟು ಹೇಳಲು ಇದಕ್ಕೆ ಸ್ವಂತ ಸೆಲ್ಲು ಬೇಡ.
ಯಾರನ್ನು ಕೇಳುತ್ತದೋ ಅವರಿಂದಲೇ
ಒಂದು ಹನಿಯಷ್ಟು ಕುಡಿದು
ಅಷ್ಟರ ಬಲದಲ್ಲೇ ಏಳುತ್ತದೆ ಮುಳ್ಳು.

ಎದ್ದಿತು. ನಡುಗಿತು.
ಹನ್ನೆರಡರ ಗೆರೆ ಮುಟ್ಟುವ ಮೊದಲೇ ನಿಂತಿತು,
ಬಾಗಿಲಾಚೆ ನಿಂತು ಒಳಬರಲು ಸಂಕೋಚಪಡುವ ಹುಡುಗನ ಹಾಗೆ.

ಮುದಿ ಯಂತ್ರ ಅಂದ. ಇರಬಹುದು.
ಅವನ ಹಳದಿ ಮೀಟರಿನ ಬೆನ್ನು ಬಿಚ್ಚಿದೆ,
ಒಳಗಿನ ಒಂಬತ್ತು ವೋಲ್ಟಿನ ಚೌಕಟ್ಟನ್ನು ನಾಲಿಗೆಗಿಟ್ಟೆ.
ಹೊಸದಾಗಿದ್ದರೆ ಚುಳ್ಳೆಂದು ಕಚ್ಚಬೇಕು.
ಇದು ಹಳಸಿದ ಮೊಸರಿನ ತುದಿಯಷ್ಟು ಹುಳಿ.
ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ,
ನನ್ನದು ಈವರೆಗೆ ವೋಲ್ಟಿನ ವಿಷಯದಲ್ಲಿ ಸುಳ್ಳಾಡಿಲ್ಲ.
ತನ್ನೊಳಗೇ ಕಸುವಿಲ್ಲದ ಮೀಟರು
ಎಲ್ಲರನ್ನೂ ಹೊಗಳುತ್ತದೆ, ಚೋಯ್ಜಿಲ್.
ಪರದೆಯ ಮೂಲೆಯಲ್ಲಿ ಪುಟ್ಟ ಗುರುತೊಂದು
ಯಾವಾಗಿನಿಂದಲೋ ಮಿನುಗುತ್ತಿದೆ, ನೋಡಲಿಲ್ಲವೇ?

ಚಿತ್ರ ಅಂದುಕೊಂಡೆ ಅಂದ.

ಹೆಡ್‌ಲೈಟಿನ ಒಂದು ಬಲ್ಬಿತ್ತು, ಎರಡು ತಂತಿ ಸಿಕ್ಕಿಸಿದೆ.
ಕೆಲಸ ಕೊಡದೆ ಯಾರ ಶಕ್ತಿಯೂ ತಿಳಿಯುವುದಿಲ್ಲ.
ಗುಡಾರ ಇಡೀ ಒಮ್ಮೆಲೇ ಬೆಳಗಿತು:
ಸೂರಿನ ಕೋಲುಗಳಿಗೆ ಹತ್ತಿದ ಮಸಿ,
ಒಣಗಲು ಹಾಕಿದ ಮಾಂಸ, ಅವನ ಕೆನ್ನೆಯ ಹಿಮ ಕಚ್ಚಿದ ಕಲೆ,
ನನ್ನ ಕೈ.
ಆ ಬೆಳಕಿನಲ್ಲಿ ಇಬ್ಬರೂ ಇದ್ದದ್ದಕ್ಕಿಂತ ಮುದುಕರಾಗಿದ್ದೆವು.
ಮುಳ್ಳು ಹನ್ನೊಂದಕ್ಕೆ ಜಾರಿತು, ಹತ್ತಕ್ಕೆ,
ಬಲ್ಬು ಚಹಾದ ಬಣ್ಣಕ್ಕೆ ತಿರುಗಿತು.

ನಕ್ಕುಬಿಡೋಣ ಅಂತಿದ್ದೆ. ಅವನು ನಗಲಿಲ್ಲ.
ಬಟ್ಟಲನ್ನು ನೆಲಕ್ಕಿಟ್ಟ.
ಹಾಗಾದರೆ ಬಾದಾಮ್‌ಗಾರವನಿಗೆ ಕೊಟ್ಟದ್ದು?
ಇದೇ ಮೀಟರಿನಿಂದ ತೋರಿಸಿದ್ದೆ.
ಅವನು ಕಣಿವೆಯಾಚೆಯ ಚಳಿಗಾಲದ ಬೀಡಿನಲ್ಲಿ,
ಮನೆಯಲ್ಲಿ ಕೂಸು, ದಾರಿಯಲ್ಲಿ ಎದೆಯೆತ್ತರ ಹಿಮ,
ಗಾಡಿ ಏಳುತ್ತದೆ ಎಂಬ ಒಂದೇ ಧೈರ್ಯದ ಮೇಲೆ.

ರೇಡಿಯೋದ ಪಕ್ಕದ ಡಬ್ಬಿಯಿಂದ
ಹೊಸ ಒಂಬತ್ತು ವೋಲ್ಟಿನದು ತೆಗೆದುಕೊಟ್ಟೆ.
ದುಡ್ಡು ಅಂದ. ಹೋಗು ಅಂದೆ.
ಕುದುರೆ ಬಿಚ್ಚುವ ಸದ್ದು, ಹಿಮ ಮುರಿಯುವ ಸದ್ದು,
ಮತ್ತೆ ಒಲೆಯದ್ದು ಮಾತ್ರ.

ಅವನ ಬ್ಯಾಟರಿ ಇಲ್ಲೇ ಉಳಿಯಿತು, ಕುರಿಯ ಲೆಕ್ಕ ಮುಗಿಯದೆ.
ಬೆಳಿಗ್ಗೆ ಬಿಸಿಲು ಬಂದರೆ ಸೋಲಾರ್ ಹಲಗೆಗೆ ಜೋಡಿಸುತ್ತೇನೆ.
ಈಗ ಕಡ್ಡಿಗಳನ್ನು ಸುತ್ತಿಟ್ಟೆ.
ಸೊನ್ನೆಗೆ ಮರಳಿದ ಮುಳ್ಳು
ಇನ್ನೂ ಸ್ವಲ್ಪ ಅಲುಗುತ್ತಿತ್ತು.